ದಂಡಧರನಿಲ್ಲದ ಕಡಲು

ನೆಲವನ್ನು ಹಂಚಿಕೊಳ್ಳುವುದು ಮನುಷ್ಯನಿಗೆ ಬಹು ಹಿಂದಿನಿಂದಲೂ ತಿಳಿದ ವಿದ್ಯೆ. ಕಲ್ಲು ನೆಟ್ಟರೆ ಅದು ಗಡಿ. ಬೇಲಿ ಕಟ್ಟಿದರೆ ಅದು ಹೊಲ. ತಕರಾರು ಹುಟ್ಟಿದರೆ ಸರಪಳಿ ಹಿಡಿದುಕೊಂಡು ಮೋಜಣಿದಾರ ಬರುತ್ತಾನೆ. ಅವನ ಅಳತೆಯನ್ನು ಒಪ್ಪದವನನ್ನು ನ್ಯಾಯಾಲಯ ಕರೆಸುತ್ತದೆ. ನ್ಯಾಯಾಲಯದ ಮಾತನ್ನೂ ಮೀರಿದವನ ಬಾಗಿಲಿಗೆ ಅಮೀನನೋ ಪೋಲೀಸಿನವನೋ ಬಂದು ನಿಲ್ಲುತ್ತಾನೆ. ಕಡಲಿಗೆ ಇದಾವುದೂ ಇಲ್ಲ. ಅಲ್ಲಿ ಕಲ್ಲು ನಿಲ್ಲುವುದಿಲ್ಲ, ಬೇಲಿ ಹಿಡಿಯುವುದಿಲ್ಲ. ಹಡಗು ಹಾದುಹೋದ ಮೇಲೆ ನೀರಿನ ಮೇಲೆ ಅದರ ಜಾಡು ಸಹ ಉಳಿಯುವುದಿಲ್ಲ. ಆದರೂ ಮನುಷ್ಯನು ಕಡಲಿಗೊಂದು ಕಟ್ಟಳೆಯನ್ನು ಬರೆದಿದ್ದಾನೆ. ಆ ಕಟ್ಟಳೆಯನ್ನು ಬಲಿಷ್ಠ ರಾಷ್ಟ್ರಗಳಿಂದ ನಡೆಯಿಸುವವರು ಯಾರು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ನಮ್ಮ ಪ್ರಾಚೀನರು ಅರಾಜಕತೆಗೆ 'ಮತ್ಸ್ಯನ್ಯಾಯ' ಎಂದು ಹೆಸರಿಟ್ಟರು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದೇ ಅಲ್ಲಿಯ ನ್ಯಾಯ. ಮಹಾಭಾರತದ ಶಾಂತಿಪರ್ವದಲ್ಲಿಯೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ಭಾವನೆ ಕಾಣಿಸಿಕೊಳ್ಳುತ್ತದೆ. ದಂಡವನ್ನು ಹಿಡಿಯತಕ್ಕವನು ಇಲ್ಲದೆ ಹೋದರೆ ಬಲಿಷ್ಠನು ದುರ್ಬಲನನ್ನು ನುಂಗುತ್ತಾನೆ. ಆದುದರಿಂದ ಲೋಕಕ್ಕೆ ದಂಡಧರನೊಬ್ಬನು ಬೇಕು ಎಂಬುದು ಅವರ ವಾದದ ತಿರುಳು. ನೀರಿನಿಂದ ಹುಟ್ಟಿದ ಈ ಉಪಮೆಯನ್ನು ಅವರು ನೆಲದ ಬಾಳಿಗೆ ಅನ್ವಯಿಸಿದರು. ನೆಲದ ಮೇಲೆ ರಾಜನು ಬಂದ, ಆಮೇಲೆ ಸಂವಿಧಾನ ಬಂದಿತು. ನೀರಿನ ಮೇಲೆ ಮಾತ್ರ ಇಂದಿಗೂ ರಾಜನಿಲ್ಲ. ಉಪಮೆಯನ್ನು ಅದು ಹುಟ್ಟಿದ ಜಾಗಕ್ಕೇ ಮರಳಿ ಒಯ್ದು ನೋಡಿದರೆ ನಮ್ಮ ಕಾಲದ ಒಂದು ದೊಡ್ಡ ತೊಡಕು ಕಣ್ಣಿಗೆ ಬೀಳುತ್ತದೆ.

ಕಡಲು ಯಾರದು ಎಂಬ ಚರ್ಚೆಗೂ ನಮ್ಮ ಪಶ್ಚಿಮ ಕರಾವಳಿಗೂ ಹಳೆಯ ನಂಟಿದೆ. ಹದಿನಾರನೆಯ ಶತಮಾನದಲ್ಲಿ ಅರಬ್ಬೀ ಸಮುದ್ರಕ್ಕೆ ಬಂದ ಪೋರ್ಚುಗೀಸರು ಈ ಕಡಲು ತಮ್ಮದೆಂದು ಸಾರಿದರು. 'ಕಾರ್ತಾಜ್' ಎಂಬ ರಹದಾರಿ ಚೀಟಿಯನ್ನು ಅವರಿಂದ ಪಡೆಯದೆ ಯಾವ ಹಡಗೂ ಸಂಚರಿಸುವಂತಿರಲಿಲ್ಲ. ಚೀಟಿಯಿಲ್ಲದ ಹಡಗನ್ನು ಹಿಡಿದು ಸರಕನ್ನು ಸುಲಿಯುತ್ತಿದ್ದರು. ತಲೆತಲಾಂತರದಿಂದ ಅಕ್ಕಿಯನ್ನೂ ಮೆಣಸನ್ನೂ ಹೇರಿಕೊಂಡು ಹೊರಡುತ್ತಿದ್ದ ನಮ್ಮ ಬಂದರುಗಳ ವ್ಯಾಪಾರಿಗಳಿಗೂ ಈ ಕಾಟ ತಪ್ಪಲಿಲ್ಲ. ನಿನ್ನೆಯವರೆಗೆ ಎಲ್ಲರದಾಗಿದ್ದ ದಾರಿಗೆ ಇಂದು ಸುಂಕದ ಕಟ್ಟೆ ಬಂದಿತು. ಅದನ್ನು ಕಟ್ಟಿದವನ ಕೈಯಲ್ಲಿ ಫಿರಂಗಿಯಿತ್ತು, ಅದೇ ಅವನ ಹಕ್ಕುಪತ್ರವಾಗಿತ್ತು.

ಈ ಹಕ್ಕನ್ನು ಮೊದಲು ವಾದದ ಮೂಲಕ ಪ್ರಶ್ನಿಸಿದ ಪ್ರಸಿದ್ಧ ಗ್ರಂಥ ಹಾಲೆಂಡಿನಲ್ಲಿ ಹುಟ್ಟಿತು. ೧೬೦೩ರಲ್ಲಿ ಡಚ್ಚರು ಸಿಂಗಪುರದ ಬಳಿ 'ಸಾಂತಾ ಕತರೀನಾ' ಎಂಬ ಪೋರ್ಚುಗೀಸ್ ಹಡಗನ್ನು ಅದರ ಅಪಾರ ಸಂಪತ್ತಿನೊಡನೆ ಸೆರೆಹಿಡಿದರು. ಆ ಕೃತ್ಯವನ್ನು ಸಮರ್ಥಿಸಿಕೊಡಬೇಕೆಂದು ಡಚ್ ಈಸ್ಟ್ ಇಂಡಿಯಾ ಕಂಪನಿಯು ಹ್ಯೂಗೋ ಗ್ರೋಶಿಯಸ್ ಎಂಬ ತರುಣ ನ್ಯಾಯವಾದಿಯನ್ನು ಕೇಳಿಕೊಂಡಿತು. ಅವನು ಬರೆದುದರ ಒಂದು ಭಾಗವೇ ೧೬೦೯ರಲ್ಲಿ 'ಸ್ವತಂತ್ರ ಸಮುದ್ರ' ಎಂಬ ಅರ್ಥದ ಲ್ಯಾಟಿನ್ ಹೆಸರಿನಲ್ಲಿ ಅಚ್ಚಾಯಿತು. ಗಾಳಿಯಂತೆ ಸಮುದ್ರವೂ ಯಾರೊಬ್ಬರ ಸ್ವತ್ತಾಗಲಾರದು ಎಂದು ಅವನು ವಾದಿಸಿದ. ಮಾತು ಉದಾತ್ತವಾದುದು. ಆದರೆ ಸಮುದ್ರ ಎಲ್ಲರದೆಂದು ಸಾರಿದ ಡಚ್ಚರೇ ಮುಂದೆ ಮೊಲುಕ್ಕಾ ದ್ವೀಪಗಳ ಮಸಾಲೆ ವ್ಯಾಪಾರಕ್ಕೆ ಬೇರೆಯವರು ಕಾಲಿಡದಂತೆ ಅಡ್ಡಗಟ್ಟಿದರು. ಇತ್ತ ಇಂಗ್ಲೆಂಡಿನ ಜಾನ್ ಸೆಲ್ಡನ್ ಎಂಬ ಪಂಡಿತನು ತನ್ನ ದೊರೆಯ ಹಕ್ಕನ್ನು ಎತ್ತಿಹಿಡಿಯಲು ೧೬೩೫ರಲ್ಲಿ 'ಮುಚ್ಚಿದ ಸಮುದ್ರ' ಎಂಬ ಅರ್ಥದ ಗ್ರಂಥವನ್ನೇ ಪ್ರಕಟಿಸಿದನು. ಕಡಲಿನ ಕಾನೂನು ಹೀಗೆ ಋಷಿಗಳ ಆಶ್ರಮದಲ್ಲಿ ಹುಟ್ಟಿದುದಲ್ಲ. ಸ್ಪರ್ಧಿಗಳ ಜಗಳದಲ್ಲಿ ಹುಟ್ಟಿತು. ಕೆಸರಿನಲ್ಲಿ ಹುಟ್ಟಿತೆಂದು ಕಮಲವನ್ನು ಯಾರೂ ಅಲ್ಲಗಳೆಯುವುದಿಲ್ಲವಷ್ಟೆ.

ಕಾಲಾನಂತರದಲ್ಲಿ ಎರಡು ವಾದಗಳ ನಡುವೆ ಒಂದು ಒಪ್ಪಂದ ಮೂಡಿತು. ದಡದ ಮೇಲಿನ ಫಿರಂಗಿಯ ಗುಂಡು ಎಷ್ಟು ದೂರ ಹೋಗುವುದೋ ಅಷ್ಟು ನೀರು ದಡದ ಒಡೆಯನದು, ಅದರಾಚೆಗೆ ಎಲ್ಲರದು. ಈ ಅಂತರವನ್ನು ಬಹುಮಟ್ಟಿಗೆ ಮೂರು ಮೈಲಿಯೆಂದು ಎಣಿಸಿದರು. ಯಂತ್ರದ ದೋಣಿಗಳು ಬಂದು, ಸಮುದ್ರದ ತಳದಲ್ಲಿ ಎಣ್ಣೆಯೂ ಖನಿಜವೂ ಇವೆಯೆಂದು ತಿಳಿದ ಮೇಲೆ ಈ ಹಳೆಯ ಅಳತೆ ಸಾಲದಾಯಿತು. ೧೯೬೭ರಲ್ಲಿ ಮಾಲ್ಟಾ ಎಂಬ ಪುಟ್ಟ ದ್ವೀಪರಾಷ್ಟ್ರದ ಪ್ರತಿನಿಧಿ ಆರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು, ಆಳ ಸಮುದ್ರದ ತಳವು ಇಡೀ ಮಾನವಕುಲದ ಸಮಾನ ಸ್ವತ್ತಾಗಬೇಕೆಂದು ಕೇಳಿದರು. ೧೯೭೩ರಿಂದ ೧೯೮೨ರವರೆಗೆ ರಾಷ್ಟ್ರಗಳು ಕುಳಿತು ಚರ್ಚಿಸಿದುವು. ೧೯೮೨ರ ಡಿಸೆಂಬರ್ ೧೦ರಂದು ಜಮೈಕಾ ದೇಶದ ಮಾಂಟೆಗೊ ಬೇ ಎಂಬಲ್ಲಿ ಹೊಸ ಒಡಂಬಡಿಕೆಗೆ ಸಹಿ ಬೀಳತೊಡಗಿತು. ಅದು ಜಾರಿಗೆ ಬಂದುದು ೧೯೯೪ರ ನವೆಂಬರಿನಲ್ಲಿ. ಭಾರತವು ೧೯೯೫ರಲ್ಲಿ ಅದನ್ನು ಅಂಗೀಕರಿಸಿತು. ಇಂದು ೧೬೦ಕ್ಕೂ ಹೆಚ್ಚು ದೇಶಗಳು ಅದಕ್ಕೆ ಬದ್ಧವಾಗಿವೆ.

ಈ ಒಡಂಬಡಿಕೆಯ ಮುಖ್ಯ ಅಳತೆಗಳು ಎರಡು. ದಡದಿಂದ ೧೨ ನಾಟಿಕಲ್ ಮೈಲಿ, ಎಂದರೆ ಸುಮಾರು ೨೨ ಕಿಲೋಮೀಟರು ದೂರದವರೆಗಿನ ನೀರು ಆ ದೇಶದ ಪ್ರಾದೇಶಿಕ ಸಮುದ್ರ. ಅಲ್ಲಿಯೂ ಕೇಡು ಬಗೆಯದೆ ಹಾದುಹೋಗುವ ಹಡಗನ್ನು ತಡೆಯಲಾಗದು. ೨೦೦ ನಾಟಿಕಲ್ ಮೈಲಿ, ಎಂದರೆ ಸುಮಾರು ೩೭೦ ಕಿಲೋಮೀಟರಿನವರೆಗೆ ಮೀನು, ಎಣ್ಣೆ, ಖನಿಜಗಳ ಹಕ್ಕು ದಡದ ದೇಶಕ್ಕೆ. ದಾರಿಯ ಹಕ್ಕು ಎಲ್ಲರಿಗೆ. ಇದಕ್ಕೆ ವಿಶೇಷ ಆರ್ಥಿಕ ವಲಯವೆಂದು ಹೆಸರು. ವ್ಯಾಜ್ಯ ಬಂದರೆ ತೀರಿಸಲು ಜರ್ಮನಿಯ ಹ್ಯಾಂಬರ್ಗಿನಲ್ಲಿ ಸಮುದ್ರ ಕಾನೂನಿನ ನ್ಯಾಯಮಂಡಳಿಯೊಂದಿದೆ. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವಿದೆ. ವ್ಯಾಜ್ಯಕ್ಕೆ ತಕ್ಕಂತೆ ಮಧ್ಯಸ್ಥರ ಮಂಡಳಿಗಳನ್ನು ರಚಿಸುವ ಏರ್ಪಾಡೂ ಇದೆ. ನ್ಯಾಯಾಧೀಶರಿದ್ದಾರೆ, ತೀರ್ಪುಗಳಿವೆ. ಅಮೀನನಿಲ್ಲ, ಪೋಲೀಸಿನವನಿಲ್ಲ.

ನನ್ನ ಸೇವೆಯ ಬಹುಭಾಗ ಕಡಲ ತಡಿಯ ಶಾಲೆಗಳಲ್ಲಿ ಕಳೆಯಿತು. ನಾನು ಕಲಿಸುತ್ತಿದ್ದುದು ಕನ್ನಡ. ಆದರೂ ಕಡಲ ಹಿನ್ನೆಲೆಯ ಪಾಠವೊಂದನ್ನು ಮಾಡುವಾಗ ಮಾತು ಈ ಒಡಂಬಡಿಕೆಯ ಕಡೆಗೆ ಹೊರಳಿದ್ದುಂಟು. ಒಮ್ಮೆ ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, "ಸರ್, ತಪ್ಪು ಮಾಡಿದವನ ಹತ್ತಿರವೇ ದೊಡ್ಡ ಹಡಗುಪಡೆ ಇದ್ದರೆ ಅವನನ್ನು ಹಿಡಿಯುವುದು ಯಾರು?" ಎಂದು ಕೇಳಿದ. ತರಗತಿ ನಕ್ಕಿತು. ನಾನು ನಗಲಿಲ್ಲ. ಅದು ಕೌಟಿಲ್ಯನು ಕೇಳಬಹುದಾಗಿದ್ದ ಪ್ರಶ್ನೆ.

ಆ ಹುಡುಗನಿಗೆ ಉತ್ತರ ಹೇಳುವಾಗ ನಾನು ಬಾಲ್ಯದಲ್ಲಿ ಕಂಡ ರಂಪಣಿ ಬಲೆಯನ್ನು ನೆನೆದುಕೊಂಡೆ. ರಂಪಣಿಯೆಂದರೆ ಬಹು ಉದ್ದದ ಬಲೆ. ದೋಣಿಯಲ್ಲಿ ಒಯ್ದು ಅರ್ಧ ಚಂದ್ರಾಕಾರವಾಗಿ ನೀರಿಗಿಳಿಸಿ, ಎರಡು ತುದಿಗಳ ಹಗ್ಗವನ್ನು ದಡದಿಂದ ಹತ್ತಾರು ಜನ ಕೂಡಿ ಎಳೆಯಬೇಕು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಯಾರು ಎಲ್ಲಿ ಬಲೆ ಬಿಡಬೇಕೆಂಬ ತಕರಾರು ಬಂದರೆ ಕೇರಿಯ ಹಿರಿಯರು ಕುಳಿತು ಮಾತು ಮುಗಿಸುತ್ತಿದ್ದರು. ಆ ಮಾತಿನ ಹಿಂದೆ ಲಾಠಿಯಿರಲಿಲ್ಲ. ಆದರೆ ಅದನ್ನು ಮೀರಿದವನ ಬಲೆಯ ಹಗ್ಗಕ್ಕೆ ಮಾರನೆಯ ದಿನ ಕೈಹಚ್ಚುವವರು ಸಿಗುತ್ತಿರಲಿಲ್ಲ. ಒಬ್ಬನೇ ರಂಪಣಿ ಎಳೆಯುವುದು ಸಾಧ್ಯವೆ? ಆದುದರಿಂದ ಮಾತು ನಡೆಯುತ್ತಿತ್ತು. ೧೯೭೦ರ ದಶಕದ ಕೊನೆಗೆ ಯಂತ್ರದ ಪರ್ಸೀನ್ ಬೋಟುಗಳು ಬಂದುವು. ಆಳಕ್ಕೆ ಹೋಗಿ ಮೀನಿನ ಹಿಂಡನ್ನೇ ಸುತ್ತುವರಿದು ಎತ್ತಬಲ್ಲ ಬೋಟಿಗೆ ದಡದ ಕೈಗಳ ಹಂಗಿಲ್ಲ. ಹಂಗಿಲ್ಲದವನಿಗೆ ಹಿರಿಯರ ಮಾತಿನ ಅಂಜಿಕೆಯೂ ಇಲ್ಲ. ರಂಪಣಿಯವರಿಗೂ ಬೋಟಿನವರಿಗೂ ಕಲಹಗಳಾದುವು. ೧೯೮೬ರಲ್ಲಿ ಕರ್ನಾಟಕವು ಕಡಲ ಮೀನುಗಾರಿಕೆಯನ್ನು ನಿಯಂತ್ರಿಸಲು ಶಾಸನವೊಂದನ್ನು ಮಾಡಿತು. ನಮ್ಮ ಮೇಲೆ ಸರಕಾರವೊಂದಿದ್ದುದರಿಂದ ಅದು ಸಾಧ್ಯವಾಯಿತು. ರಾಷ್ಟ್ರಗಳ ಮೇಲೆ ಅಂತಹ ಸರಕಾರವಿಲ್ಲ. ಅಲ್ಲಿ ಉಳಿದಿರುವುದು ರಂಪಣಿಯ ಹಿರಿಯರ ಕಟ್ಟಳೆಯೇ. ಇತರರ ಹಂಗು ತನಗಿಲ್ಲವೆಂದು ಭಾವಿಸಿದ ರಾಷ್ಟ್ರವು ಅದನ್ನು ಮೀರಲು ನೋಡುತ್ತದೆ.

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂದ ಮೊತ್ತಮೊದಲ ವ್ಯಾಜ್ಯವೇ ಕಡಲಿನದು ಎಂಬುದು ಗಮನಿಸತಕ್ಕ ಸಂಗತಿ. ಗ್ರೀಸಿನ ಕಾರ್ಫು ದ್ವೀಪಕ್ಕೂ ಅಲ್ಬೇನಿಯದ ದಡಕ್ಕೂ ನಡುವೆ ಕಿರಿದಾದ ಜಲಸಂಧಿಯೊಂದಿದೆ. ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ನಿನ್ನೆ ಒಂದೇ ಪಕ್ಷದಲ್ಲಿದ್ದವರು ಇಂದು ಎರಡು ಬಣಗಳಾಗುತ್ತಿದ್ದರು. ಬ್ರಿಟನ್ ಒಂದು ಕಡೆ, ಕಮ್ಯೂನಿಸ್ಟ್ ಅಲ್ಬೇನಿಯ ಇನ್ನೊಂದು ಕಡೆ. ೧೯೪೬ರ ಮೇ ತಿಂಗಳಲ್ಲಿ ಅಲ್ಬೇನಿಯದ ದಡದಿಂದ ಬ್ರಿಟಿಷ್ ಯುದ್ಧನೌಕೆಗಳತ್ತ ಗುಂಡು ಹಾರಿತು. ಅಕ್ಟೋಬರ್ ೨೨ರಂದು ಬ್ರಿಟನ್ನು ತನ್ನ ದಾರಿಯ ಹಕ್ಕನ್ನು ತೋರಿಸಲೆಂದೇ ನಾಲ್ಕು ಯುದ್ಧನೌಕೆಗಳನ್ನು ಆ ಜಲಸಂಧಿಯಲ್ಲಿ ಕಳುಹಿಸಿತು. 'ಸೊಮರೆಜ್' ಎಂಬ ನೌಕೆಯು ನೀರಿನಡಿಯಲ್ಲಿ ಹುದುಗಿಸಿದ್ದ ಮೈನು ಎಂಬ ಸಿಡಿಗುಂಡಿಗೆ ತಗುಲಿತು. ಅದನ್ನು ಎಳೆದೊಯ್ಯಲು ಬಂದ 'ವೊಲೇಜ್' ಸಹ ಇನ್ನೊಂದಕ್ಕೆ ತಗುಲಿತು. ೪೪ ಮಂದಿ ನಾವಿಕರು ಸತ್ತರು.

ಮೂರು ವಾರಗಳ ತರುವಾಯ, ನವೆಂಬರ್ ೧೨ ಮತ್ತು ೧೩ರಂದು, ಅಲ್ಬೇನಿಯದ ಒಪ್ಪಿಗೆಯಿಲ್ಲದೆಯೇ ಬ್ರಿಟಿಷ್ ನೌಕೆಗಳು ಆ ನೀರಿಗೆ ನುಗ್ಗಿ ತಳವನ್ನು ಜಾಲಾಡಿ ೨೨ ಮೈನುಗಳನ್ನು ಪತ್ತೆಮಾಡಿದುವು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ೧೯೪೯ರ ಏಪ್ರಿಲ್ ೯ರಂದು ತೀರ್ಪು ಬಂದಿತು. ಮೈನುಗಳನ್ನು ಇಟ್ಟವರು ಯಾರೆಂಬುದು ಸಿದ್ಧವಾಗದಿದ್ದರೂ, ತನ್ನ ಕಣ್ಣಳತೆಯ ನೀರಿನಲ್ಲಿ ನಡೆದ ಈ ಕೆಲಸ ಅಲ್ಬೇನಿಯಕ್ಕೆ ತಿಳಿಯದೆ ಇರಲು ಸಾಧ್ಯವಿಲ್ಲವೆಂದು ನ್ಯಾಯಾಲಯ ಕಂಡುಕೊಂಡಿತು. ಅಪಾಯ ತಿಳಿದಿದ್ದೂ ಬರುವ ಹಡಗಿಗೆ ಎಚ್ಚರಿಕೆ ಕೊಡದಿದ್ದುದು ಮಾನವೀಯತೆಯ ಮೊದಲ ಪಾಠಕ್ಕೇ ವಿರುದ್ಧ ಎಂಬುದು ಅದರ ನಿರ್ಣಯ. ಅಲ್ಬೇನಿಯ ತಪ್ಪಿತಸ್ಥ.

ತೀರ್ಪು ಅಲ್ಲಿಗೇ ನಿಂತಿದ್ದರೆ ಅದನ್ನು ಗೆದ್ದವರ ನ್ಯಾಯವೆನ್ನಬಹುದಾಗಿತ್ತು. ನಿಲ್ಲಲಿಲ್ಲ. ಸಾಕ್ಷ್ಯ ಸಂಗ್ರಹಿಸಲೆಂದು ನವೆಂಬರಿನಲ್ಲಿ ಬಲಾತ್ಕಾರವಾಗಿ ನುಗ್ಗಿದುದು ಸರಿಯೆ ಎಂಬ ಪ್ರಶ್ನೆಯನ್ನೂ ನ್ಯಾಯಾಧೀಶರು ಎತ್ತಿಕೊಂಡರು. ಇಂತಹ ಹಕ್ಕನ್ನು ಒಪ್ಪಿದರೆ ಅದು ಬಲಿಷ್ಠ ರಾಷ್ಟ್ರಗಳ ಪಾಲಿಗಷ್ಟೇ ದಕ್ಕುತ್ತದೆ, ನ್ಯಾಯದ ಹೆಸರಿನಲ್ಲಿ ಬಲವೇ ಆಳುತ್ತದೆ ಎಂಬುದು ಅವರ ವಿವೇಚನೆ. ಬ್ರಿಟನ್ನು ಅಲ್ಬೇನಿಯದ ಸಾರ್ವಭೌಮತ್ವವನ್ನು ಉಲ್ಲಂಘಿಸಿತೆಂದು ಅವರು ಒಮ್ಮತದಿಂದ ಸಾರಿದರು. ೪೪ ಮಕ್ಕಳನ್ನು ಕಳೆದುಕೊಂಡು ದೂರು ತಂದವನಿಗೂ 'ನಿನ್ನ ನಡೆಯೂ ತಪ್ಪು' ಎಂದು ಹೇಳುವ ಎದೆಗಾರಿಕೆ ಆ ತೀರ್ಪಿನಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಇನ್ನು ಜಾರಿಯ ಮಾತು. ಪರಿಹಾರವಾಗಿ ೮,೪೩,೯೪೭ ಪೌಂಡುಗಳನ್ನು ಕೊಡಬೇಕೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಬೇನಿಯಕ್ಕೆ ಆಜ್ಞೆಯಾಯಿತು. ಅಲ್ಬೇನಿಯ ಕೊಡಲಿಲ್ಲ. ಮಹಾಯುದ್ಧದಲ್ಲಿ ಜರ್ಮನರು ರೋಮಿನಿಂದ ಒಯ್ದಿದ್ದ ಅಲ್ಬೇನಿಯದ ಚಿನ್ನವು ಮಿತ್ರರಾಷ್ಟ್ರಗಳ ವಶಕ್ಕೆ ಬಂದಿತ್ತು. ಅದು ಮರಳಿ ಕೈಸೇರಲಿಲ್ಲ. ದಶಕಗಳು ಉರುಳಿದುವು. ಆಳುವವರು ಬದಲಾದ ಮೇಲೆ, ೧೯೯೨ರಲ್ಲಿ, ಅಲ್ಬೇನಿಯವು ೨೦ ಲಕ್ಷ ಡಾಲರು ಕೊಡಲೂ ಬ್ರಿಟನ್ನು ಚಿನ್ನವನ್ನು ಬಿಡಿಸಲೂ ಒಪ್ಪಿದುವು. ೧೯೯೬ರಲ್ಲಿ ಲೆಕ್ಕ ಚುಕ್ತವಾಯಿತು. ಸಿಡಿಗುಂಡು ಸಿಡಿದು ಐವತ್ತು ವರ್ಷಗಳಾಗಿದ್ದುವು. ತಡವಾಯಿತು ನಿಜ, ಆದರೆ ತೀರ್ಪು ಸಾಲದ ಪತ್ರದಂತೆ ಪೆಟ್ಟಿಗೆಯಲ್ಲಿ ಕುಳಿತಿತ್ತು, ಸತ್ತಿರಲಿಲ್ಲ.

ಆ ತೀರ್ಪು ಹುಟ್ಟಿಸಿದ ಸೂತ್ರವು ಮುಂದೆ ಇನ್ನೊಂದು ಕಡಲಿನಲ್ಲಿ ಕೆಲಸಕ್ಕೆ ಬಂದಿತು. ೧೯೮೦ರ ದಶಕದಲ್ಲಿ ಮಧ್ಯ ಅಮೆರಿಕದ ನಿಕರಾಗ್ವ ಎಂಬ ಚಿಕ್ಕ ದೇಶದ ಬಂದರುಗಳಲ್ಲಿ ಮೈನುಗಳು ಸಿಡಿದುವು. ಈ ಸಲ ಅದರ ಹಿಂದಿದ್ದುದು ಅಮೆರಿಕ ಸಂಯುಕ್ತ ಸಂಸ್ಥಾನ. ನಿಕರಾಗ್ವ ೧೯೮೪ರಲ್ಲಿ ಹೇಗ್‌ನ ಬಾಗಿಲು ತಟ್ಟಿತು. ವ್ಯಾಜ್ಯ ತೀರುವ ಮೊದಲೇ ಅಮೆರಿಕ ವಿಚಾರಣೆಯಿಂದ ಹೊರನಡೆಯಿತು. ೧೯೮೬ರ ಜೂನಿನಲ್ಲಿ ಬಂದ ತೀರ್ಪು ಮೈನು ಹಾಕಿದುದು ಕಾನೂನಿಗೆ ವಿರುದ್ಧವೆಂದಿತು. ಹಡಗುಗಳಿಗೆ ಎಚ್ಚರಿಕೆ ಕೊಡದಿದ್ದುದು ಸಹ ತಪ್ಪೆಂದು ಹೇಳುವಾಗ ಕಾರ್ಫು ತೀರ್ಪನ್ನೇ ನೆನೆಯಿತು. ಜಾರಿಗಾಗಿ ಸಣ್ಣ ದೇಶವು ಭದ್ರತಾ ಮಂಡಳಿಗೆ ಹೋದಾಗ ಅಮೆರಿಕ ತನ್ನ ವೀಟೋ ಹಕ್ಕಿನಿಂದ ನಿರ್ಣಯವನ್ನು ತಡೆಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಇದೇ ಪ್ರಶ್ನೆ ಇಂದು ದಕ್ಷಿಣ ಚೀನಾ ಸಮುದ್ರದಲ್ಲಿ ಇನ್ನೂ ದೊಡ್ಡದಾಗಿ ಎದ್ದುನಿಂತಿದೆ. ಚೀನಾ ದೇಶವು ತನ್ನ ಭೂಪಟದಲ್ಲಿ ಒಂಬತ್ತು ಗೀಟುಗಳನ್ನು ಎಳೆದು ಆ ಸಮುದ್ರದ ಬಹುಭಾಗದ ಮೇಲೆ ಹಕ್ಕು ಹೇಳುತ್ತದೆ. ಫಿಲಿಪ್ಪೀನ್ಸ್, ವಿಯೆಟ್ನಾಂ, ಮಲೇಶಿಯ ಮುಂತಾದ ದೇಶಗಳ ನೀರಿಗೂ ಆ ಗೀಟುಗಳು ತಾಗುತ್ತವೆ. ಫಿಲಿಪ್ಪೀನ್ಸಿನ ಲುಜೋನ್ ದ್ವೀಪದಿಂದ ಸುಮಾರು ೧೨೦ ನಾಟಿಕಲ್ ಮೈಲಿ ದೂರದಲ್ಲಿ ಸ್ಕಾರ್ಬರೋ ಎಂಬ ಹವಳದ ದಿಬ್ಬವಿದೆ. ಭರತದ ವೇಳೆ ಕೆಲವು ಬಂಡೆಗಳ ತಲೆ ಮಾತ್ರ ನೀರಿನ ಮೇಲೆ ಕಾಣಿಸುತ್ತದೆ. ಅದರ ಸುತ್ತ ಮೀನು ಹೇರಳ. ಬಿರುಗಾಳಿ ಬಂದರೆ ಒಳಗಿನ ತಿಳಿನೀರಿನಲ್ಲಿ ದೋಣಿಗೆ ಆಸರೆ. ೨೦೧೨ರಲ್ಲಿ ಅಲ್ಲಿ ಎರಡು ದೇಶಗಳ ನೌಕೆಗಳು ಎದುರುಬದುರಾಗಿ ನಿಂತುವು. ಕೊನೆಗೆ ದಿಬ್ಬವು ಚೀನಾದ ಹಿಡಿತಕ್ಕೆ ಹೋಯಿತು. ಫಿಲಿಪ್ಪೀನ್ಸಿನ ಬೆಸ್ತರಿಗೆ ಅಲ್ಲಿನ ದಾರಿ ಕಟ್ಟಾಯಿತು.

ಬಡಿದಾಡಿ ಗೆಲ್ಲಲಾರದ ಫಿಲಿಪ್ಪೀನ್ಸ್ ೨೦೧೩ರ ಜನವರಿಯಲ್ಲಿ ಒಡಂಬಡಿಕೆಯ ಪ್ರಕಾರ ದಾವೆ ಹೂಡಿತು. ೧೯೯೬ರಲ್ಲಿಯೇ ಆ ಒಡಂಬಡಿಕೆಯನ್ನು ಅಂಗೀಕರಿಸಿದ್ದ ಚೀನಾ, ವಿಚಾರಣೆಗೆ ಬರುವುದಿಲ್ಲವೆಂದಿತು. ಘಾನಾ ದೇಶದ ಥಾಮಸ್ ಮೆನ್ಸಾ ಅವರ ಅಧ್ಯಕ್ಷತೆಯಲ್ಲಿ ಐವರ ಮಂಡಳಿಯು ೨೦೧೬ರ ಜುಲೈ ೧೨ರಂದು ತೀರ್ಪು ನೀಡಿತು. ಗೀಟುಗಳೊಳಗಿನ ಸಂಪತ್ತಿಗೆ ಇತಿಹಾಸದ ಹೆಸರಿನಲ್ಲಿ ಹಕ್ಕು ಹೇಳಲು ಒಡಂಬಡಿಕೆಯಲ್ಲಿ ಆಧಾರವಿಲ್ಲ; ಫಿಲಿಪ್ಪೀನ್ಸಿನ ಆರ್ಥಿಕ ವಲಯದಲ್ಲಿ ಕೃತಕ ದ್ವೀಪ ಕಟ್ಟಿದುದು ತಪ್ಪು; ಹವಳದ ದಿಬ್ಬಗಳಿಗೆ ಮಾಡಿದ ಹಾನಿ ತೀವ್ರವಾದುದು. ಆ ತೀರ್ಪಿನ ಒಂದು ಮಾತು ನನಗೆ ಎಲ್ಲಕ್ಕಿಂತ ಪ್ರಿಯವಾದುದು. ಸ್ಕಾರ್ಬರೋ ಯಾರದೆಂದು ಮಂಡಳಿ ನಿರ್ಣಯಿಸಲಿಲ್ಲ. ಅದು ಅದರ ಅಧಿಕಾರದ ಹೊರಗಿತ್ತು. ಆದರೆ ಬಂಡೆ ಯಾರದೇ ಆಗಲಿ, ಅಲ್ಲಿ ತಲೆಮಾರುಗಳಿಂದ ಮೀನು ಹಿಡಿದು ಬದುಕಿದ ಬೆಸ್ತರ ರೂಢಿಯ ಹಕ್ಕು ಅಳಿಯದು ಎಂದಿತು. ಫಿಲಿಪ್ಪೀನ್ಸಿನ ಬೆಸ್ತರಿಗೆ ಮಾತ್ರವಲ್ಲ, ಚೀನಾದ ಬೆಸ್ತರಿಗೂ ಆ ಹಕ್ಕುಂಟೆಂದಿತು. ವಿಚಾರಣೆಗೆ ಬಾರದೆ ಉಳಿದ ದೇಶದ ಬಡವನ ಪಾಲನ್ನೂ ಕಾಯ್ದ ನ್ಯಾಯ ಅದು.

ಚೀನಾ ತೀರ್ಪನ್ನು ಬರಿಯ ಕಾಗದವೆಂದು ಬಗೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸಿನ ಹೊಸ ರಾಷ್ಟ್ರಾಧ್ಯಕ್ಷರು ಬೀಜಿಂಗಿಗೆ ಹೋಗಿ ಸ್ನೇಹ ಬೆಳೆಸಿ ಬಂದ ಮೇಲೆ ಬೆಸ್ತರಿಗೆ ದಿಬ್ಬದ ಬಳಿ ಮೀನು ಹಿಡಿಯಲು ಅವಕಾಶ ದೊರೆಯಿತು. ಹಕ್ಕಾಗಿ ಬರಬೇಕಾದುದು ದಯೆಯಾಗಿ ಬಂದಿತು. ದಯೆಯನ್ನು ಕೊಟ್ಟವನು ಬೇಕೆಂದಾಗ ಹಿಂದಕ್ಕೆ ಪಡೆಯಬಲ್ಲ. ಸ್ನೇಹ ಹಳಸಿದ ಮೇಲೆ, ೨೦೨೩ ಮತ್ತು ೨೦೨೪ರಲ್ಲಿ, ಅದೇ ನೀರಿನಲ್ಲಿ ಫಿಲಿಪ್ಪೀನ್ಸಿನ ನೌಕೆಗಳ ಮೇಲೆ ಜಲಫಿರಂಗಿಗಳು ಹರಿದುವು. ಹಕ್ಕಿಗೂ ದಯೆಗೂ ಇರುವ ಅಂತರವನ್ನು ತಿಳಿಯಬೇಕಾದರೆ ಆ ಬೆಸ್ತರನ್ನು ಕೇಳಬೇಕು. ಇನ್ನೊಂದು ಕಡೆ, ಒಡಂಬಡಿಕೆಯಂತೆ ನಡೆಯಬೇಕೆಂದು ಚೀನಾಕ್ಕೆ ಹೇಳುತ್ತ ಆ ಸಮುದ್ರದಲ್ಲಿ ಯುದ್ಧನೌಕೆಗಳನ್ನು ನಡೆಯಿಸುವ ಅಮೆರಿಕವು ತಾನೇ ಆ ಒಡಂಬಡಿಕೆಗೆ ಸೇರಿಲ್ಲ. ಅದರ ಬಹುಭಾಗವನ್ನು ರೂಢಿಯ ಕಾನೂನೆಂದು ಪಾಲಿಸುತ್ತೇನೆನ್ನುತ್ತದೆ, ಅಷ್ಟೆ. ಒಬ್ಬನು ಒಪ್ಪಿದ್ದಾನೆ, ತೀರ್ಪಿಗೆ ಬಾಗಲಾರ. ಇನ್ನೊಬ್ಬನು ಬಾಗಬೇಕೆಂದು ಉಪದೇಶಿಸುತ್ತಾನೆ, ಸೇರಲಾರ. ಎರಡು ದೊಡ್ಡ ಮೀನುಗಳ ನಡುವೆ ಸಣ್ಣ ಮೀನಿಗೆ ಸಿಕ್ಕಿರುವುದು ಒಂದು ತೀರ್ಪಿನ ಪ್ರತಿ.

ಹಾಗಾದರೆ ಈ ಕಾನೂನು ವ್ಯರ್ಥವೆ? ನಾನು ಹಾಗೆ ತಿಳಿಯಲಾರೆ. ಲೋಕದ ವ್ಯಾಪಾರದ ಸರಕಿನಲ್ಲಿ ಐದರಲ್ಲಿ ನಾಲ್ಕು ಪಾಲು ಹಡಗಿನಲ್ಲಿಯೇ ಸಾಗುತ್ತದೆ. ಹಗಲಿರುಳೂ ಸಾವಿರಾರು ಹಡಗುಗಳು ಪರದೇಶಗಳ ನೀರನ್ನು ದಾಟಿ, ಕಿರಿದಾದ ಜಲಸಂಧಿಗಳನ್ನು ಹಾದು, ಒಂದರ ದಾರಿಯನ್ನು ಇನ್ನೊಂದು ಬಿಟ್ಟುಕೊಟ್ಟು ಚಲಿಸುತ್ತಿವೆ. ಅವುಗಳಲ್ಲಿ ಬಹುಪಾಲಿನ ಹಿಂದೆ ಯಾವ ಕಾವಲು ನೌಕೆಯೂ ಇಲ್ಲ. ತಾನು ಇಂದು ಮುರಿದ ನಿಯಮವನ್ನು ನಾಳೆ ಬೇರೆಯವನು ತನ್ನ ಹಡಗಿನ ಮೇಲೆಯೂ ಮುರಿಯಬಹುದೆಂಬ ತಿಳಿವಳಿಕೆಯೇ ಕಾವಲು. ಪಾಲಿಸಿದ ಕಟ್ಟಳೆ ಸುದ್ದಿಯಾಗುವುದಿಲ್ಲ; ಮುರಿದುದಷ್ಟೇ ಸುದ್ದಿಯಾಗುತ್ತದೆ.

ಅದಕ್ಕಿಂತ ಮಿಗಿಲಾಗಿ, ಸೋತ ಬಲಿಷ್ಠನೂ ತಲೆಬಾಗಬಲ್ಲನೆಂಬುದಕ್ಕೆ ನಮ್ಮ ದೇಶವೇ ಒಂದು ನಿದರ್ಶನ ಕೊಟ್ಟಿದೆ. ಬಂಗಾಳ ಕೊಲ್ಲಿಯಲ್ಲಿ ಭಾರತಕ್ಕೂ ಬಾಂಗ್ಲಾದೇಶಕ್ಕೂ ನಡುವೆ ಕಡಲ ಗಡಿ ಎಲ್ಲಿ ಹಾಯಬೇಕೆಂಬ ವಿವಾದ ಬಾಂಗ್ಲಾದೇಶ ಹುಟ್ಟಿದಂದಿನಿಂದಲೂ ಇತ್ತು. ೧೯೭೦ರ ಚಂಡಮಾರುತದ ತರುವಾಯ ನದೀಮುಖದಲ್ಲಿ ಎದ್ದ ಪುಟ್ಟ ಮರಳು ದ್ವೀಪವೊಂದು, ನಾವು ನ್ಯೂ ಮೂರ್ ಎಂದೂ ಅವರು ದಕ್ಷಿಣ ತಾಲ್‌ಪಟ್ಟಿ ಎಂದೂ ಕರೆದುದು, ಜಗಳವನ್ನು ಬೆಳೆಸಿತು. ೧೯೮೧ರಲ್ಲಿ ಅಲ್ಲಿಗೆ ನೌಕೆಗಳನ್ನು ಕಳುಹಿಸುವ ತನಕ ಮಾತು ಬೆಳೆಯಿತು. ಮಾನವರು ತಮ್ಮದೆಂದು ಕಾದಾಡಿದ ಆ ದ್ವೀಪವನ್ನು ಕಡಲು ತನ್ನದೆಂದು ಹಿಂದಕ್ಕೆ ತೆಗೆದುಕೊಂಡಿತು; ೨೦೧೦ರ ಹೊತ್ತಿಗೆ ಅದು ನೀರಿನಲ್ಲಿ ಮುಳುಗಿಹೋಗಿತ್ತು.

೨೦೦೯ರಲ್ಲಿ ಬಾಂಗ್ಲಾದೇಶವು ದಾವೆ ಹೂಡಿತು. ಭಾರತವು ಬರುವುದಿಲ್ಲವೆನ್ನಲಿಲ್ಲ, ಹೋಗಿ ವಾದಿಸಿತು. ೨೦೧೪ರ ಜುಲೈ ೭ರಂದು ತೀರ್ಪು ಬಂದಿತು. ವಿವಾದದಲ್ಲಿದ್ದ ೨೫,೬೦೨ ಚದರ ಕಿಲೋಮೀಟರು ಸಮುದ್ರದಲ್ಲಿ ೧೯,೪೬೭ ಚದರ ಕಿಲೋಮೀಟರು, ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು, ಬಾಂಗ್ಲಾದೇಶಕ್ಕೆ ಸಂದಿತು. ಭಾರತದ ನೌಕಾಪಡೆಯೆಲ್ಲಿ, ಬಾಂಗ್ಲಾದೇಶದ ನೌಕಾಪಡೆಯೆಲ್ಲಿ? ಆದರೂ ಭಾರತವು ತೀರ್ಪನ್ನು ಒಪ್ಪಿಕೊಂಡಿತು. ಯಾವ ಅಮೀನನೂ ದೆಹಲಿಯ ಬಾಗಿಲಿಗೆ ಬರಲಿಲ್ಲ; ಬರತಕ್ಕವನು ಇರಲೂ ಇಲ್ಲ.

ಪ್ರಾಚೀನರ ಮಾತಿಗೆ ನಾನು ಸೇರಿಸಬಯಸುವ ಮಾತು ಇಷ್ಟೇ. ದಂಡಧರನಿಲ್ಲದ ಕಡೆ ದಂಡವು ಬಲಿಷ್ಠನ ಕೈಯಲ್ಲಿಯೇ ಇರುತ್ತದೆ. ಅವನು ಅದನ್ನು ದುರ್ಬಲನ ಮೇಲೆ ಎತ್ತಬಹುದು, ಇಲ್ಲವೆ ತನ್ನ ಆಸೆಗೇ ಅದನ್ನು ಅಡ್ಡ ಹಿಡಿಯಬಹುದು. ಎರಡನೆಯದನ್ನು ಮಾಡುವಂತೆ ಅವನನ್ನು ಒತ್ತಾಯಿಸುವ ಶಕ್ತಿ ಲೋಕದಲ್ಲಿ ಇನ್ನೂ ಪೂರ್ತಿಯಾಗಿ ಬೆಳೆದಿಲ್ಲ. ತೀರ್ಪುಗಳು, ನೆರೆಹೊರೆಯ ಅಭಿಪ್ರಾಯ, ಸ್ವಂತ ಪ್ರಜೆಗಳ ವಿವೇಕ, ಇವೆಲ್ಲ ಕೂಡಿ ರಂಪಣಿಯ ಹಗ್ಗವನ್ನು ಹಿಡಿದ ಕೈಗಳಂತೆ ಅವನನ್ನು ಮೆಲ್ಲಮೆಲ್ಲನೆ ದಡಕ್ಕೆ ಎಳೆಯಬೇಕು. ಆ ಕೈಗಳಲ್ಲಿ ಪ್ರಜೆಗಳ ಕೈಯೇ ದೊಡ್ಡದು. ತಮ್ಮ ದೇಶವು ನ್ಯಾಯದ ಮುಂದೆ ಬಾಗಿದಾಗ ಪ್ರಜೆಗಳು ಅದನ್ನು ಅವಮಾನವೆಂದು ಕೂಗಿದರೆ ಯಾವ ಸರಕಾರವೂ ಎರಡನೆಯ ಸಲ ಬಾಗುವುದಿಲ್ಲ.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಗೆದ್ದ ಯುದ್ಧಗಳ ತಾರೀಖುಗಳಿವೆ. ಮಕ್ಕಳು ಅವನ್ನು ಬಾಯಿಪಾಠ ಮಾಡುತ್ತಾರೆ, ಮಾಡಲಿ. ಆ ತಾರೀಖುಗಳ ಪಕ್ಕದಲ್ಲಿ ೨೦೧೪ರ ಜುಲೈ ೭ನ್ನೂ ಬರೆದುಕೊಂಡರೆ ಒಳ್ಳೆಯದು. ಅಂದು ನಮ್ಮ ದೇಶವು ನೀರಿನ ಒಂದು ದೊಡ್ಡ ಭಾಗವನ್ನು ಬಿಟ್ಟುಕೊಟ್ಟಿತು. ತನಗಿಂತ ಚಿಕ್ಕದಾದ ನೆರೆಯ ದೇಶಕ್ಕೆ ಅದನ್ನು ದಯೆಯಾಗಿ ಕೊಡಲಿಲ್ಲ, ಹಕ್ಕೆಂದು ಒಪ್ಪಿ ಕೊಟ್ಟಿತು.